ಟೈರಿನ ಬಾಣ, ಎಫ್‌ಸಿಯ ಕಣ್ಣು

ಮೈಸೂರಿನ ಪಶ್ಚಿಮ ಅಂಚಿನ ಬೋಗಾದಿಯಲ್ಲಿ ಹೊರವರ್ತುಲ ರಸ್ತೆಯೂ ಗದ್ದಿಗೆಯ ಕಡೆಗೆ ಹೋಗುವ ರಸ್ತೆಯೂ ಕೂಡುವುದರಿಂದ ಹಳ್ಳಿಯ ಟ್ರ್ಯಾಕ್ಟರು, ಬಡಾವಣೆಯ ಕಾರು, ಕಾಲೇಜು ಹುಡುಗರ ಬೈಕು ಮೂರೂ ಒಂದೇ ಡಾಂಬರಿನ ಮೇಲೆ ಓಡುತ್ತವೆ. ಟೈರು ಯಾವ ದಿಕ್ಕಿಗೆ ಉರುಳಬೇಕೆಂಬ ಪ್ರಶ್ನೆ ಈ ಮೂರಕ್ಕೂ ಸಂಬಂಧಿಸಿದ್ದು. ಟ್ರ್ಯಾಕ್ಟರಿನ ಹಿಂಬದಿ ಚಕ್ರದಲ್ಲಿ ಅದರ ಉತ್ತರ ದೂರದಿಂದಲೇ ಕಾಣುತ್ತದೆ, ಬೈಕು ಮತ್ತು ಕಾರಿನಲ್ಲಿ ಬಗ್ಗಿ ನೋಡಿ ಹುಡುಕಬೇಕಾಗುತ್ತದೆ.

ಒಂದೇ ದಿಕ್ಕಿಗೆ ಉರುಳುವಂತೆ ರೂಪಿಸಿದ ಟೈರನ್ನು ಡೈರೆಕ್ಷನಲ್ ಟೈರು ಎನ್ನುತ್ತಾರೆ. ಅದರ ಮೈಮೇಲಿನ ತೋಡುಗಳು, ಎಂದರೆ ನೀರು ಹರಿದು ಹೋಗಲು ಕೊರೆದ ಕಾಲುವೆಗಳು, ಇಂಗ್ಲಿಷಿನ 'ವಿ' ಅಕ್ಷರದಂತೆ ನಡುವಿನಿಂದ ಎರಡೂ ಅಂಚುಗಳಿಗೆ ಚಾಚಿರುತ್ತವೆ. ಪಕ್ಕದ ಗೋಡೆಯ ಮೇಲೆ 'ರೊಟೇಷನ್' ಎಂಬ ಪದವೂ ಒಂದು ಬಾಣವೂ ಉಬ್ಬಕ್ಷರದಲ್ಲಿ ಅಚ್ಚಾಗಿರುತ್ತವೆ. ಕಪ್ಪು ರಬ್ಬರಿನ ಮೇಲೆ ಕಪ್ಪಾಗಿಯೇ ಮೂಡಿದ ಈ ಗುರುತು ಧೂಳು ಹಿಡಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸದೆ ಕಾಣುವುದಿಲ್ಲ. ವಾಹನ ಮುಂದಕ್ಕೆ ಹೋಗುವಾಗ ಚಕ್ರ ಬಾಣದ ದಿಕ್ಕಿಗೇ ತಿರುಗಿದರೆ 'ವಿ'ಯ ಮೊನೆ ಮೊದಲು ನೆಲ ಮುಟ್ಟಿ, ಅಲ್ಲಿದ್ದ ನೀರನ್ನು ಎರಡೂ ಬದಿಗೆ ತಳ್ಳುತ್ತದೆ. ಉಳುಮೆಯ ಟ್ರ್ಯಾಕ್ಟರಿನಲ್ಲಿ ಕೆಸರನ್ನು ಹೊರಹಾಕುವ ದಪ್ಪ ಪಟ್ಟಿಗಳ ಕ್ರಮವೂ ಇದೇ. ತಿರುಗುಮುರುಗಾಗಿ ಕೂರಿಸಿದ ಟೈರಿನಲ್ಲಿ ನೀರು ಅಂಚಿಗೆ ಸರಿಯುವ ಬದಲು ನಡುವಿಗೆ ಒತ್ತರಿಸಿಕೊಂಡು ಬರುತ್ತದೆ.

ಆಗ ಆಗುವ ಅಪಾಯಕ್ಕೆ ಹೈಡ್ರೋಪ್ಲೇನಿಂಗ್ ಎಂದು ಹೆಸರು: ವೇಗ ಹೆಚ್ಚಿದಂತೆ ನೀರು ಸರಿದು ಹೋಗಲು ಸಮಯ ಸಾಲದೆ, ಟೈರು ನೀರಿನ ಪದರದ ಮೇಲೆ ಏರಿ, ಸ್ಟಿಯರಿಂಗೂ ಬ್ರೇಕೂ ಕೆಲಸಕ್ಕೆ ಬಾರದಂತಾಗುವ ಸ್ಥಿತಿ. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಶೋಧಕರು ವಿಮಾನದ ಚಕ್ರಗಳ ಪ್ರಯೋಗದಿಂದ ಪಡೆದ ಸೂತ್ರದಂತೆ ಈ ಸ್ಥಿತಿ ಶುರುವಾಗುವ ವೇಗವು ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ. ಲೆಕ್ಕ ಹಾಕಿದರೆ 32 ಪಿಎಸ್‌ಐ ಗಾಳಿಗೆ ಗಂಟೆಗೆ ಸುಮಾರು 94 ಕಿ.ಮೀ., 20 ಪಿಎಸ್‌ಐ ಗಾಳಿಗೆ ಸುಮಾರು 75 ಕಿ.ಮೀ. ಬರುತ್ತದೆ. ಕಾರಿನ ಟೈರಿಗೆ ಇದು ಅಂದಾಜು ಮಾತ್ರ, ಏಕೆಂದರೆ ತೋಡುಗಳ ಆಳವೂ ಆಕಾರವೂ ನೀರಿನ ದಪ್ಪವೂ ಇದನ್ನು ಬದಲಿಸುತ್ತವೆ. ಆದರೂ ವರ್ತುಲ ರಸ್ತೆಯಲ್ಲಿ ಮುಂಗಾರುಪೂರ್ವ ಮಳೆಯ ಸಂಜೆ ಓಡುವ ಕಾರುಗಳು ಈ ಅಂಕಿಗಳಿಂದ ಬಹಳ ದೂರವಿರುವುದಿಲ್ಲ.

ಬೈಕಿನಲ್ಲಿ ಬಾಣಕ್ಕೆ ಇನ್ನೊಂದು ಕಾರಣವೂ ಉಂಟು. ಟೈರು ತಯಾರಿಸುವಾಗ ಹೊರಮೈಯ ರಬ್ಬರ್ ಪಟ್ಟಿಯ ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸಿ ಬೆಸೆಯುತ್ತಾರೆ. ಹಿಂದಿನ ಚಕ್ರದ ಮೇಲೆ ಎಂಜಿನ್ನಿನ ಎಳೆತವೂ ಮುಂದಿನ ಚಕ್ರದ ಮೇಲೆ ಬ್ರೇಕಿನ ಬಲವೂ ಹೆಚ್ಚಾಗಿ ಬೀಳುವುದರಿಂದ, ಆ ಬೆಸುಗೆ ಸುಲಿಯದಂತೆ ನೋಡಿಕೊಳ್ಳಬೇಕಾದ ದಿಕ್ಕು ಎರಡಕ್ಕೂ ಬೇರೆ. ಹೀಗಾಗಿ ಮುಂದಕ್ಕೂ ಹಿಂದಕ್ಕೂ ಹಾಕಬಹುದಾದ ಕೆಲವು ಟೈರುಗಳ ಮೇಲೆ ಎದುರುಬದುರು ತೋರಿಸುವ ಎರಡು ಬಾಣಗಳಿರುತ್ತವೆ, ಮತ್ತು ಅದನ್ನು ಕಂಡು ಅಚ್ಚಿನ ತಪ್ಪೆಂದು ತಿಳಿಯುವವರೂ ಇದ್ದಾರೆ.

ಇದನ್ನೆಲ್ಲ ಪರೀಕ್ಷಿಸುವವರು ಯಾರು? ಕೇಂದ್ರ ಮೋಟಾರು ವಾಹನ ನಿಯಮಗಳು, 1989, ತಮ್ಮ 94ನೇ ನಿಯಮದಲ್ಲಿ ಟೈರಿನ ಸ್ಥಿತಿಯನ್ನು ಹೇಳುತ್ತವೆ; ಕಾರಿನ ಟೈರಿನ ತೋಡು 1.6 ಮಿ.ಮೀ.ಗಿಂತ ಕಡಿಮೆ ಆಳವಿರಬಾರದು. ತೋಡಿನೊಳಗೇ ಅಡ್ಡಲಾಗಿ ಕೂತಿರುವ, ಪಕ್ಕದಲ್ಲಿ 'ಟಿಡಬ್ಲ್ಯುಐ' ಎಂಬ ಅಕ್ಷರಗಳಿಂದ ಸೂಚಿತವಾದ ಸಣ್ಣ ದಿಂಡುಗಳು ಸುತ್ತಲಿನ ರಬ್ಬರಿಗೆ ಸಮವಾದರೆ ಟೈರಿನ ಕಾಲ ಮುಗಿದಂತೆ. ಹಳದಿ ಬೋರ್ಡಿನ ವಾಹನಕ್ಕೆ ಎಫ್‌ಸಿ, ಎಂದರೆ ಅರ್ಹತಾ ಪತ್ರ, ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿನ ಕಥೆ ಬೇರೆ: ನೋಂದಣಿಗೆ 15 ವರ್ಷದ ಅವಧಿ ಇರುವುದರಿಂದ, ಅದು ಮುಗಿದು ಐದು ವರ್ಷಕ್ಕೆ ನವೀಕರಿಸುವಾಗ ಮಾತ್ರ ವಾಹನ ನಿರೀಕ್ಷಕರ, ಜನರ ಮಾತಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರ ಮುಂದೆ ನಿಲ್ಲುತ್ತದೆ. ನಡುವೆ ನಡೆಯುವ ಎಮಿಷನ್ ಟೆಸ್ಟ್ ಹೊಗೆಯನ್ನು ಅಳೆಯುತ್ತದೆಯೇ ಹೊರತು ಚಕ್ರದ ಕಡೆ ತಿರುಗಿಯೂ ನೋಡುವುದಿಲ್ಲ. ಮೈಸೂರಿನ ಕೆಎ 09ರ ಫಲಕ ಹೊತ್ತ ಕಾರೊಂದು ಆ ಹದಿನೈದು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಟೈರು ಬದಲಿಸಿರುತ್ತದೆ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸರ್ಕಾರ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳತ್ತ ಸಾಗಿದೆ. ಅಲ್ಲಿ ಬ್ರೇಕಿನ ಬಲವನ್ನು ರೋಲರುಗಳ ಮೇಲೆ ಯಂತ್ರವೇ ಅಳೆಯುತ್ತದೆ. ಕಣ್ಣಂದಾಜಿಗಿಂತ ಇದು ಎಷ್ಟೋ ಮೇಲು. ಆದರೆ ನಿಧಾನವಾಗಿ ತಿರುಗುವ ಆ ರೋಲರಿನ ಮೇಲೆ, ವೇಗದ ಮಳೆನೀರಿನಲ್ಲಿ ಮಾತ್ರ ದೋಷ ತೋರುವ ತಿರುಗುಮುರುಗಿನ ಟೈರು ಸಲೀಸಾಗಿ ತೇರ್ಗಡೆಯಾಗಬಲ್ಲದು.

ಆದ್ದರಿಂದ ನಿಜವಾದ ಪರೀಕ್ಷೆ ನಡೆಯುವುದು ಬೋಗಾದಿ ರಸ್ತೆಯಂಥ ಕಡೆಗಳ ಟೈರು ಅಂಗಡಿಗಳಲ್ಲಿಯೇ. ಕೆಲವು ಸಾವಿರ ಕಿ.ಮೀ.ಗೊಮ್ಮೆ ಚಕ್ರಗಳ ಜಾಗ ಅದಲುಬದಲು ಮಾಡುವ ವಾಡಿಕೆಯಿದೆಯಷ್ಟೆ; ಡೈರೆಕ್ಷನಲ್ ಟೈರುಗಳನ್ನು ಆಗ ಅದೇ ಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಮಾತ್ರ ಸಾಗಿಸಬೇಕು, ಎಡದ್ದನ್ನು ಬಲಕ್ಕೆ ಒಯ್ಯಬೇಕಾದರೆ ರಿಮ್ಮಿನಿಂದ ಕಳಚಿ ತಿರುಗಿಸಿ ಕೂರಿಸಬೇಕು. 'ಔಟ್‌ಸೈಡ್' ಎಂದು ಬರೆದ ಅಸಿಮೆಟ್ರಿಕ್ ಟೈರು ಬೇರೆಯದು. ಆ ಬರಹದ ಮುಖ ಹೊರಗಿದ್ದರೆ ಸಾಕು, ಅದಕ್ಕೆ ಎಡಬಲದ ನಿರ್ಬಂಧವಿಲ್ಲ.

ಸ್ಟೆಪ್ನಿಯೂ ಡೈರೆಕ್ಷನಲ್ ಆಗಿದ್ದರೆ ಅದು ಒಂದು ಬದಿಗೆ ಮಾತ್ರ ಸರಿಹೊಂದುತ್ತದೆ. ದಾರಿಯಲ್ಲಿ ಇನ್ನೊಂದು ಬದಿಯ ಚಕ್ರ ಪಂಕ್ಚರ್ ಆದಾಗ ಅದನ್ನೇ ತಿರುಗುಮುರುಗಾಗಿ ಹಾಕಿಕೊಂಡು ಅಂಗಡಿಯವರೆಗೆ ನಿಧಾನವಾಗಿ ಹೋಗಬಹುದು, ಮಳೆ ಇದ್ದರೆ ಇನ್ನೂ ನಿಧಾನವಾಗಿ. ಪಂಕ್ಚರ್ ಹಾಕಿಸಿದ ಮೂಲ ಚಕ್ರವನ್ನು ಅಲ್ಲೇ ವಾಪಸು ಹಾಕಿಸಿಕೊಳ್ಳುವುದು ಉಳಿದ ಕೆಲಸ.