ಉದ್ಯೋಗ ಕಡಿತದ ಪರಿಹಾರ: ತಡವಾದರೆ ಹಕ್ಕು ಉಳಿದೀತೇ?

ನಷ್ಟದ ಕಾರಣ ನೀಡಿ ಕಾರ್ಖಾನೆಯೊಂದು ಕಾರ್ಮಿಕರನ್ನು ಮನೆಗೆ ಕಳುಹಿಸುವಾಗ ‘ಲೆಕ್ಕ ಆಮೇಲೆ ಚುಕ್ತಾ ಮಾಡುತ್ತೇವೆ’ ಎಂಬ ಬಾಯಿಮಾತಿನ ಭರವಸೆಯೂ ಜತೆಗಿರುವುದುಂಟು. ಅದನ್ನು ನಂಬಿ ತಿಂಗಳುಗಟ್ಟಲೆ ಅಲೆದ ಕಾರ್ಮಿಕ ಕೊನೆಗೆ ಕಾರ್ಮಿಕ ಇಲಾಖೆಯ ಮೆಟ್ಟಿಲೇರುವ ವೇಳೆಗೆ ಕಾನೂನಿನ ಗಡುವೇ ಮೀರಿರಬಹುದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ-2020, 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಸ್ಥಾನವನ್ನು ಪಡೆದಿದೆ. ಅದರ 70ನೇ ಕಲಮಿನಂತೆ, ಕನಿಷ್ಠ ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದವರನ್ನು ಕಡಿತಗೊಳಿಸುವಾಗ ಒಂದು ತಿಂಗಳ ನೋಟಿಸ್ ಅಥವಾ ಅದಕ್ಕೆ ಬದಲಾಗಿ ವೇತನ ನೀಡಬೇಕು. ಜತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಪಾವತಿಸಬೇಕು. ಆರು ತಿಂಗಳು ಮೀರಿದ ಅವಧಿಯೂ ಒಂದು ವರ್ಷವೆಂದೇ ಲೆಕ್ಕ. ದಿನಕ್ಕೆ ಸರಾಸರಿ 600 ರೂ. ಪಡೆಯುತ್ತ 8 ವರ್ಷ 7 ತಿಂಗಳು ದುಡಿದವರಿಗೆ 9 ವರ್ಷದ ಲೆಕ್ಕದಲ್ಲಿ 81,000 ರೂ. ಸಲ್ಲಬೇಕು. ಈ ಹಣವನ್ನು ಕೆಲಸದಿಂದ ತೆಗೆಯುವಾಗಲೇ ಕೊಡಬೇಕಾದ್ದರಿಂದ ಗಡುವಿನ ಎಣಿಕೆಯೂ ಅಂದಿನಿಂದಲೇ ಆರಂಭ.

ಎರಡು ದಾರಿ, ಎರಡು ಗಡುವು

ಬರಬೇಕಾದ ಪರಿಹಾರವನ್ನಷ್ಟೇ ವಸೂಲು ಮಾಡಬೇಕಾದಲ್ಲಿ 59ನೇ ಕಲಮಿನಡಿ ಸರ್ಕಾರಕ್ಕೆ ಅರ್ಜಿ ಸಲ್ಲಿಸಬಹುದು. ಬಾಕಿ ಇರುವುದು ದೃಢಪಟ್ಟರೆ ಅದನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡಲಾಗುತ್ತದೆ. ಇದಕ್ಕೆ ಗಡುವು ಒಂದು ವರ್ಷ. ವಿಳಂಬಕ್ಕೆ ಸಾಕಷ್ಟು ಕಾರಣವಿದ್ದಲ್ಲಿ ಅನಂತರವೂ ಅರ್ಜಿಯನ್ನು ಪರಿಗಣಿಸಲು ಅವಕಾಶವಿದೆ. ಕಾರ್ಮಿಕ ಮೃತಪಟ್ಟಿದ್ದರೆ ವಾರಸುದಾರರೂ ಅರ್ಜಿ ಸಲ್ಲಿಸಬಹುದು.

ಕಡಿತವೇ ಅಕ್ರಮವೆಂದು ಪ್ರಶ್ನಿಸುವುದಾದರೆ ದಾರಿ ಬೇರೆ. ಮೊದಲು ಸಂಧಾನಾಧಿಕಾರಿಗೆ ಅರ್ಜಿ ಸಲ್ಲಿಸಿ, 45 ದಿನಗಳಾದ ಬಳಿಕ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಕಡಿತದ ದಿನದಿಂದ ಎರಡು ವರ್ಷದೊಳಗೆ ಈ ಅರ್ಜಿ ಅಲ್ಲಿಗೆ ತಲುಪಬೇಕು. ಹಳೆಯ ಕಾಯ್ದೆಯಲ್ಲಿ ಈ ಅವಧಿ ಮೂರು ವರ್ಷವಿತ್ತು. ಕೊನೆಯ ತಿಂಗಳಲ್ಲಿ ಎಚ್ಚೆತ್ತವರಿಗೆ ಆ 45 ದಿನಗಳೇ ಅಡ್ಡಿಯಾಗಬಲ್ಲವು.

ಬಾಕಿ ಸಂಬಳದ ಕ್ಲೇಮಿಗೆ ವೇತನ ಸಂಹಿತೆ-2019ರಲ್ಲಿ ಮೂರು ವರ್ಷಗಳ ಅವಕಾಶವಿದೆ. ಪರಿಹಾರಕ್ಕೂ ಅದೇ ಅನ್ವಯಿಸುತ್ತದೆಂಬ ಭಾವನೆ ತಪ್ಪು. ಕಡಿತದ ಪರಿಹಾರವು ಆ ಸಂಹಿತೆಯ ವ್ಯಾಖ್ಯೆಯಲ್ಲಿ ‘ವೇತನ’ವೇ ಅಲ್ಲ.

ಆದ್ದರಿಂದ ಕೆಲಸ ಹೋದ ವಾರದಲ್ಲೇ ಪರಿಹಾರವನ್ನು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯುವುದು ಲೇಸು. ನೇಮಕಾತಿ ಪತ್ರ, ಸಂಬಳದ ಚೀಟಿ, ಭವಿಷ್ಯನಿಧಿ ದಾಖಲೆಗಳನ್ನು ಜೋಪಾನವಾಗಿಡಬೇಕು. ಮಾಲೀಕರೊಂದಿಗೆ ಮಾತುಕತೆ ನಡೆದಿದೆ ಎಂಬ ಕಾರಣಕ್ಕೆ ಗಡುವು ತಾನಾಗಿ ಮುಂದೆ ಹೋಗದು.