ಸೀಸೆಯೊಳಗಿನ ಶುಂಠಿ

1928ನೆಯ ಇಸವಿ, ಆಗಸ್ಟ್ 26, ಭಾನುವಾರದ ಸಂಜೆ. ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ವೆಲ್‌ಮೆಡೋ ಕೆಫೆಯಲ್ಲಿ ಮೇ ಡೊನೊಹ್ಯೂ ಎಂಬ ಹೆಂಗಸು ಕುಳಿತಿದ್ದಳು. ಅಂಗಡಿಯಲ್ಲಿ ದುಡಿದು ಹೊಟ್ಟೆ ಹೊರೆಯುತ್ತಿದ್ದ ಬಡವಿ. ಜೊತೆಗಿದ್ದ ಸ್ನೇಹಿತರು ಅವಳಿಗಾಗಿ ಐಸ್‌ಕ್ರೀಮನ್ನೂ ಒಂದು ಸೀಸೆ ಜಿಂಜರ್ ಬಿಯರನ್ನೂ ತರಿಸಿದರು. ಸೀಸೆಯ ಗಾಜು ಕಪ್ಪು. ಒಳಗೇನಿದೆಯೆಂದು ಹೊರಗಿನಿಂದ ಕಾಣುವಂತಿರಲಿಲ್ಲ. ಕೆಫೆಯ ಯಜಮಾನ ಒಂದಿಷ್ಟನ್ನು ಐಸ್‌ಕ್ರೀಮಿನ ಮೇಲೆ ಸುರಿದ. ಆಕೆ ಸವಿದಳು. ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳುವೊಂದು ಹೊರಗೆ ತೇಲಿ ಬಂದಿತೆಂಬುದು ಆಕೆಯ ದೂರು. ಆಕೆ ಕಾಯಿಲೆ ಬಿದ್ದಳು.

ದುಡ್ಡು ಕೊಟ್ಟು ಕೊಂಡವರು ಸ್ನೇಹಿತರು, ಕುಡಿದವಳು ಆಕೆ. ಆದುದರಿಂದ ಮಾರಿದವನ ಮೇಲಾಗಲಿ, ತಯಾರಿಸಿದವನ ಮೇಲಾಗಲಿ ಆಕೆಗೆ ಹಕ್ಕಿಲ್ಲವೆಂಬುದು ಅಂದಿನ ಕಾನೂನಿನ ಲೆಕ್ಕಾಚಾರ. ಆಕೆ ಬಿಡಲಿಲ್ಲ. ತಯಾರಕ ಡೇವಿಡ್ ಸ್ಟೀವನ್‌ಸನ್ನನ ಮೇಲೆ ಹೂಡಿದ ದಾವೆ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ವರೆಗೆ ಹತ್ತಿತು. 1932ರ ಮೇ 26ರಂದು ಐವರು ನ್ಯಾಯಾಧೀಶರಲ್ಲಿ ಮೂವರು ಆಕೆಯ ಪರವಾಗಿ ನಿಂತರು. ತನ್ನ ಕೆಲಸದಿಂದ ಯಾರಿಗೆ ಬಾಧೆಯಾಗಬಹುದೋ ಅವರೆಲ್ಲರೂ ಕಾನೂನಿನ ದೃಷ್ಟಿಯಲ್ಲಿ ತನ್ನ ನೆರೆಯವರು. ಅವರ ವಿಷಯದಲ್ಲಿ ಎಚ್ಚರಿಕೆಯಿಂದಿರುವುದು ಮನುಷ್ಯನ ಕರ್ತವ್ಯ ಎಂದು ಲಾರ್ಡ್ ಆಟ್ಕಿನ್ ಸಾರಿದರು. ಸೀಸೆಯಲ್ಲಿ ಹುಳು ಇದ್ದದ್ದು ನಿಜವೇ ಎಂಬ ಪ್ರಶ್ನೆ ಮಾತ್ರ ಕೊನೆಯವರೆಗೂ ವಿಚಾರಣೆಗೆ ಬರಲಿಲ್ಲ. ಅಷ್ಟರಲ್ಲಿ ಸ್ಟೀವನ್‌ಸನ್ ತೀರಿಕೊಂಡದ್ದರಿಂದ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಆದರೆ ಆ ತೀರ್ಪನ್ನು ಇಂದಿಗೂ ನಮ್ಮ ಕಾನೂನು ಕಾಲೇಜುಗಳ ಹುಡುಗರು ಓದುತ್ತಾರೆ.

ಸೀಸೆಯೊಳಗೆ ಏನಿದೆ? ಮೇ ಡೊನೊಹ್ಯೂ ಕೇಳಿದ ಈ ಪ್ರಶ್ನೆಯೇ ಜಿಂಜರ್ ಬಿಯರಿನ ರುಚಿಯನ್ನು ಅಳೆಯಹೊರಟವನಿಗೂ ಮೊದಲ ಪ್ರಶ್ನೆ. ಇಂದು ಹತ್ತಾರು ಹೆಸರಿನ ಸೀಸೆಗಳು ಜಗತ್ತಿನ ಪೇಟೆಯಲ್ಲಿವೆ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳುವವರು ಬಹಳ ಮಂದಿ. ಯಾವುದಕ್ಕೆ ಶ್ರೇಷ್ಠ ಎಂದು ಕೇಳುವವರು ಕಡಮೆ. ಒಂಟಿಯಾಗಿ ಹೀರುವಾಗ ಸೊಗಸುವ ಪಾನೀಯ ಬೇರೊಂದರ ಜೊತೆಗೂಡಿದಾಗ ಸಪ್ಪೆಯಾಗಬಹುದು. ಒಂಟಿಯಾಗಿ ಗಂಟಲು ಸುಡುವುದು ಜೊತೆಗಾರನೊಡನೆ ಹಿತವಾಗಬಹುದು.

ಹೆಸರಿನಲ್ಲಿ ಬಿಯರ್ ಇದ್ದರೂ ಇದರಲ್ಲಿ ಬಾರ್ಲಿಯೂ ಇಲ್ಲ, ಹಾಪ್ಸ್ ಹೂವೂ ಇಲ್ಲ. ಹದಿನೆಂಟನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಶುಂಠಿ, ಸಕ್ಕರೆ, ನೀರು, ನಿಂಬೆಗಳನ್ನು ಕೂಡಿಸಿ ಹುದುಗಿಸಿದ ಮನೆಯ ಪಾನೀಯವಾಗಿ ಇದು ಹುಟ್ಟಿತೆಂದು ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಬೀದಿಗಳಲ್ಲಿ ಇದನ್ನು ಮಾರಿ ಬದುಕುತ್ತಿದ್ದವರ ವೃತ್ತಾಂತವನ್ನು ಹೆನ್ರಿ ಮೇಹ್ಯೂ 1851ರ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಪಾನನಿರೋಧದ ಚಳವಳಿಗಾರರು ಮದ್ಯಕ್ಕೆ ಬದಲಾಗಿ ಇದನ್ನು ಕುಡಿಯಿರೆಂದು ಬೋಧಿಸಿದರು. ಅದೇ ಪಾನೀಯ ಮುಂದೆ ಮದ್ಯದ ನೆಚ್ಚಿನ ಸಂಗಾತಿಯಾದದ್ದು ವಿಧಿಯ ವಿನೋದವೆನ್ನಬೇಕು.

ಈ ಪಾನೀಯವನ್ನು ಹುದುಗಿಸಲು ಹಳ್ಳಿಯ ಹೆಂಗಸರು ಒಂದು ಬಗೆಯ ಹೆಪ್ಪನ್ನು ಇಟ್ಟುಕೊಂಡಿರುತ್ತಿದ್ದರು. ನಮ್ಮಲ್ಲಿ ಹಾಲಿಗೆ ಹೆಪ್ಪು ಬೇಡಿ ನೆರೆಮನೆಗೆ ಹೋಗುವಂತೆ ಅಲ್ಲಿಯೂ ಅದು ಕೈಯಿಂದ ಕೈಗೆ ಸಾಗುತ್ತಿತ್ತು. ಅದಕ್ಕೆ ‘ಜಿಂಜರ್ ಬಿಯರ್ ಗಿಡ’ವೆಂದು ಹೆಸರು, ನೋಡಲು ಬೆಳ್ಳಗಿನ ಗರಣೆಗಳು. ಅದು ಗಿಡವೇ ಅಲ್ಲ, ಒಂದು ಯೀಸ್ಟೂ ಒಂದು ಬ್ಯಾಕ್ಟೀರಿಯವೂ ಸೇರಿ ನಡೆಸುವ ಸಂಸಾರ ಎಂಬುದನ್ನು 1892ರಲ್ಲಿ ಪ್ರಕಟಿಸಿದಾತ ಸಸ್ಯಶಾಸ್ತ್ರಜ್ಞ ಹ್ಯಾರಿ ಮಾರ್ಷಲ್ ವಾರ್ಡ್. ಸಿಂಹಳದ ಕಾಫಿ ತೋಟಗಳನ್ನು ಹಾಳುಗೆಡವಿದ ಎಲೆರೋಗವನ್ನು 1880ರ ಸುಮಾರಿನಲ್ಲಿ ಅಲ್ಲಿಯೇ ಇದ್ದು ಪರೀಕ್ಷಿಸಿದವನೂ ಇವನೇ. ಯೀಸ್ಟು ಸಕ್ಕರೆಯನ್ನು ತಿಂದು ಅನಿಲವನ್ನೂ ತುಸು ಮದ್ಯಸಾರವನ್ನೂ ಕೊಡುತ್ತದೆ. ಬ್ಯಾಕ್ಟೀರಿಯ ಹುಳಿಯನ್ನು ಕೂಡಿಸುತ್ತದೆ. ಈ ಹುಳಿಯಿಂದಲೇ ಹುದುಗಿಸಿದ ಪಾನೀಯಕ್ಕೆ ಬರಿಯ ಸಕ್ಕರೆನೀರಿಗಿಲ್ಲದ ಗಾಂಭೀರ್ಯ ಬರುವುದು.

ಈಗ ಪೇಟೆಯಲ್ಲಿ ದೊರೆಯುವವು ಎರಡು ಕುಲದವು. ಹುದುಗಿಸಿ ಮಾಡಿದವು ಒಂದು ಕುಲ; ಶುಂಠಿಯ ಸಾರಕ್ಕೆ ಸಕ್ಕರೆ ಹುಳಿಗಳನ್ನು ಸೇರಿಸಿ ಅನಿಲ ತುಂಬಿದವು ಇನ್ನೊಂದು. ಎರಡರಲ್ಲೂ ಮದ್ಯಸಾರ ಇಲ್ಲವೆನ್ನುವಷ್ಟು ಕಡಮೆ. ಸಾಮಾನ್ಯವಾಗಿ ನೂರಕ್ಕೆ ಅರ್ಧ ಪಾಲಿಗಿಂತಲೂ ಕೆಳಗೆ. ಬೇಕೆಂದೇ ನೂರಕ್ಕೆ ನಾಲ್ಕು ಪಾಲಿನಷ್ಟು ಮದ್ಯಸಾರವಿಟ್ಟು ಮಾರುವವೂ ಉಂಟಾದ್ದರಿಂದ ಚೀಟಿಯನ್ನು ಓದದೆ ಮಕ್ಕಳ ಕೈಗೆ ಕೊಡಬಾರದು. ಜಿಂಜರ್ ಏಲ್ ಎಂಬುದು ಇದರ ತಂಗಿ, ತಿಳಿಯಾದುದು, ಸೌಮ್ಯವಾದುದು. ಅಕ್ಕನ ಖಾರ ಅದಕ್ಕಿಲ್ಲ.

ಆ ಖಾರದ ಮೂಲವೇನು? ಹಸಿಯ ಗೆಡ್ಡೆಯಲ್ಲಿರುವುದು ಜಿಂಜೆರಾಲ್ ಎಂಬ ವಸ್ತು. ಗೆಡ್ಡೆ ಒಣಗಿದಂತೆ ಅದರಿಂದ ನೀರಿನ ಅಂಶ ಕಳಚಿ ಶೋಗಾಯೋಲ್ ಆಗುತ್ತದೆ. ಇದರ ಖಾರ ಇನ್ನೂ ಹೆಚ್ಚು. ಬೇಯಿಸಿದರೆ ಒಂದು ಪಾಲು ಜಿಂಜೆರೋನ್ ಆಗಿ ಮೆತ್ತಗಾಗುತ್ತದೆ. ಹಸಿಯದು ಆರ್ದ್ರಕ, ಒಣಗಿದ್ದು ಶುಂಠಿ ಎಂದು ಸಂಸ್ಕೃತದಲ್ಲಿ ಎರಡು ಹೆಸರುಗಳಿರುವುದು ಸುಮ್ಮನೆ ಅಲ್ಲ. ಎರಡರ ಗುಣವೂ ನಿಜವಾಗಿ ಬೇರೆ. ಹಸಿಯದರಲ್ಲಿ ನಿಂಬೆಯ ಕಂಪನ್ನು ನೆನಪಿಸುವ ತಾಜಾತನ. ಒಣಗಿದ್ದರಲ್ಲಿ ಎದೆಯವರೆಗೆ ಇಳಿಯುವ ಕಾವು. ಕೆಲವು ತಯಾರಕರು ಶುಂಠಿಯ ವೆಚ್ಚ ಉಳಿಸಲೋ ಖಾರ ಏರಿಸಲೋ ಮೆಣಸಿನಕಾಯಿಯ ಸಾರವನ್ನು ಬೆರೆಸುವುದುಂಟು. ಇದು ಅಪರಾಧವಲ್ಲ, ಚೀಟಿಯಲ್ಲಿ ಬರೆದೇ ಇರುತ್ತದೆ. ಆದರೆ ಕುಡಿಯುವವನು ತನ್ನ ನಾಲಗೆಯನ್ನು ಕುಟ್ಟುತ್ತಿರುವುದು ಶುಂಠಿಯೋ ಮೆಣಸಿನಕಾಯಿಯೋ ಎಂಬುದನ್ನು ಅರಿತಿರಬೇಕಷ್ಟೆ.

ಮೊದಲು ಒಂಟಿಯಾಗಿ ಹೀರುವವರ ವಿಚಾರ. ಇಂಥವರಿಗೆ ಆಸ್ಟ್ರೇಲಿಯದ ಬುಂಡಬರ್ಗ್ ಮೆಚ್ಚುಗೆಯಾಗುತ್ತದೆ. ಕ್ವೀನ್ಸ್‌ಲೆಂಡಿನ ಕಬ್ಬಿನ ನಾಡಿನಲ್ಲಿರುವ ಅದೇ ಹೆಸರಿನ ಪಟ್ಟಣದ ಪಾನೀಯವಿದು. ಹುದುಗಿಸಿದ್ದು, ಕದಡಿದ ಬಣ್ಣ, ತಳದಲ್ಲಿ ಶುಂಠಿಯ ಚರಟ. ಮುಚ್ಚಳ ತೆಗೆಯುವ ಮುನ್ನ ಸೀಸೆಯನ್ನು ಮೆಲ್ಲನೆ ತಲೆಕೆಳಗು ಮಾಡಿರೆಂದು ತಯಾರಕರೇ ಸೂಚಿಸುತ್ತಾರೆ. ದುಂಡನೆಯ ರುಚಿ, ಹದವಾದ ಕಾವು. ಆದರೆ 375 ಮಿಲಿಲೀಟರಿನ ಒಂದು ಸೀಸೆಯಲ್ಲಿ ಸುಮಾರು 40 ಗ್ರಾಂ ಸಕ್ಕರೆಯಿದೆ ಎಂಬುದನ್ನು ಮರೆಯಲಾಗದು. ಅಂದರೆ ಎಂಟು ಚಮಚದಷ್ಟು. ಬೇಸಗೆಯ ಮಧ್ಯಾಹ್ನ ಒಂದು ಸೀಸೆ ಆನಂದ, ಎರಡನೆಯದು ಅತಿ.

ಇಂಗ್ಲೆಂಡಿನ ಫೆಂಟಿಮನ್ಸಿನದು ಬೇರೆಯ ಹಾದಿ. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಥಾಮಸ್ ಫೆಂಟಿಮನ್ 1905ರಲ್ಲಿ ತಾನು ಕೊಟ್ಟ ಸಾಲಕ್ಕೆ ಅಡವಾಗಿ ಒಂದು ಜಿಂಜರ್ ಬಿಯರಿನ ಪಾಕವಿಧಾನವನ್ನು ಇಟ್ಟುಕೊಂಡನಂತೆ. ಸಾಲ ಹಿಂದಿರುಗಲಿಲ್ಲ, ಪಾಕವಿಧಾನ ಅವನದಾಯಿತು. ಕಲ್ಲುಮಣ್ಣಿನ ಜಾಡಿಗಳಲ್ಲಿ, ನಾಯಿಯ ಮುದ್ರೆಯೊತ್ತಿ, ಮನೆಮನೆಗೆ ಮಾರಿದ. ಇಂದಿನ ಸೀಸೆಯ ಮೇಲೂ ಆ ನಾಯಿ ಇದೆ. ಶುಂಠಿಯೊಡನೆ ಜೂನಿಪರ್ ಮುಂತಾದ ಮೂಲಿಕೆಗಳೂ ಇರುವುದರಿಂದ ಇದರ ರುಚಿ ನಮ್ಮ ಕಷಾಯದ ನೆರೆಗೆ ಬರುತ್ತದೆ. ಕಷಾಯದ ಮನೆಗಳಲ್ಲಿ ಬೆಳೆದವರಿಗೆ ಇದು ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ.

ಇನ್ನು ಬೆರೆಸುವವರ ವಿಚಾರ. ಮದ್ಯದ ಗುಣದೋಷಗಳ ಚರ್ಚೆಗೆ ಇದು ಸ್ಥಳವಲ್ಲ. ಬೆರಕೆಯ ಮರ್ಮವಷ್ಟೇ ಇಲ್ಲಿಯ ಪ್ರಸ್ತಾಪ. 1941ರ ಅಮೆರಿಕದ ಕಥೆ. ಹ್ಯೂಬ್ಲಿನ್ ಕಂಪನಿಯ ಜಾನ್ ಮಾರ್ಟಿನ್ನನ ಬಳಿ ಸ್ಮಿರ್ನಾಫ್ ವೋಡ್ಕವಿತ್ತು, ಕೊಳ್ಳುವವರಿರಲಿಲ್ಲ. ಹಾಲಿವುಡ್ಡಿನ ಕಾಕ್ ಅಂಡ್ ಬುಲ್ ಉಪಾಹಾರಗೃಹದ ಜಾಕ್ ಮಾರ್ಗನ್ನನ ಬಳಿ ಜಿಂಜರ್ ಬಿಯರ್ ಇತ್ತು, ಅದಕ್ಕೂ ಗಿರಾಕಿಯಿರಲಿಲ್ಲ. ಎರಡು ದುಃಖಗಳು ನಿಂಬೆಯ ರಸದೊಡನೆ ಒಂದೇ ತಾಮ್ರದ ಲೋಟದಲ್ಲಿ ಕೂಡಿ ‘ಮಾಸ್ಕೋ ಮ್ಯೂಲ್’ ಆಯಿತು. ಮೊದಲು ಬೆರೆಸಿದ ಕೀರ್ತಿ ತನ್ನದೆಂದು ಅಲ್ಲಿಯ ಪಾನಶಾಲೆಯ ವೆಸ್ ಪ್ರೈಸ್ ಹೇಳಿದ್ದೂ ಉಂಟು. ವೋಡ್ಕಕ್ಕೆ ತನ್ನದೆಂಬ ರುಚಿ ಬಹುಮಟ್ಟಿಗೆ ಇಲ್ಲ. ಆದುದರಿಂದ ಲೋಟದ ರುಚಿಯ ಹೊರೆಯೆಲ್ಲ ಜಿಂಜರ್ ಬಿಯರಿನ ಹೆಗಲಿಗೆ. ಮಂಜುಗಡ್ಡೆ ಕರಗುತ್ತ ಅದನ್ನು ತೆಳುವಾಗಿಸುತ್ತದೆ. ತಂಪು ಕಂಪನ್ನು ಅಡಗಿಸುತ್ತದೆ. ಒಂಟಿಯಾಗಿ ದುಂಡಗಿದ್ದ ಪಾನೀಯ ಇಲ್ಲಿ ಬರಿಯ ಸಿಹಿನೀರಾಗುತ್ತದೆ. ಬೇಕಾದುದು ಸಕ್ಕರೆ ಕಡಮೆಯ, ಅನಿಲ ಬಿಗಿಯ, ಖಾರ ಮುಂದಾದ ಸೀಸೆ. ಈ ಶತಮಾನದ ಮೊದಲ ದಶಕದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಫೀವರ್-ಟ್ರೀ ಬೆರಕೆಗೆಂದೇ ಮಾಡಿದ್ದು. ಅದನ್ನು ಒಂಟಿಯಾಗಿ ಕುಡಿದವನು ಕೆಮ್ಮಬಹುದು. ಲೋಟದಲ್ಲಿ ಅದು ತಲೆಯೆತ್ತಿ ನಿಲ್ಲುತ್ತದೆ.

ಬರ್ಮುಡ ದ್ವೀಪದ ‘ಡಾರ್ಕ್ ಅಂಡ್ ಸ್ಟಾರ್ಮಿ’ಯ ಲೆಕ್ಕವೇ ಬೇರೆ. ಅಲ್ಲಿಯ ಗಾಸ್ಲಿಂಗ್ಸ್ ಮನೆತನದ ಕಪ್ಪು ರಮ್ಮಿಗೆ ಬೆಲ್ಲದ ಕಾಕಂಬಿಯ ಗಾಢತೆಯಿದೆ. 1874ರಲ್ಲಿ ಆರಂಭವಾದ ಅದೇ ದ್ವೀಪದ ಬ್ಯಾರಿಟ್ಸ್ ಜಿಂಜರ್ ಬಿಯರ್ ಇದರ ಹಳೆಯ ಒಡನಾಡಿ. ಬಲವಾದ ರಮ್ಮಿನ ಮುಂದೆ ತುಸು ಸಿಹಿಯ, ಕದಡಿದ ಪಾನೀಯವೂ ಹೊಂದುತ್ತದೆ. ಬೆಲ್ಲಕ್ಕೂ ಶುಂಠಿಗೂ ಇರುವ ನಂಟು ಪಾನಕ ಕುಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಮದ್ಯ ಬೇಡದವರು ನಿಂಬೆರಸವನ್ನೂ ನಾಲ್ಕು ಪುದೀನ ಎಲೆಗಳನ್ನೂ ಹಾಕಿಕೊಂಡರೂ ನ್ಯಾಯ ಒಂದೇ: ಜೊತೆಗಾರನು ಸಪ್ಪೆಯಾದರೆ ಶುಂಠಿ ಜೋರಾಗಿರಬೇಕು, ಜೊತೆಗಾರನು ಜೋರಾದರೆ ಶುಂಠಿ ತಾಳಿಕೊಂಡಿರಬೇಕು.

ತಾಮ್ರದ ಲೋಟದ ಬಗ್ಗೆ ಒಂದು ಮಾತು. ಹುಳಿ ತಾಮ್ರವನ್ನು ಕರಗಿಸುತ್ತದೆಂದು 2017ರಲ್ಲಿ ಅಮೆರಿಕದ ಅಯೋವ ಸಂಸ್ಥಾನದ ಅಧಿಕಾರಿಗಳು ಎಚ್ಚರಿಸಿದರು. ಒಳಗೆ ಬೇರೆ ಲೋಹದ ಲೇಪವಿರುವ ಲೋಟವನ್ನೇ ಬಳಸಬೇಕೆಂದರು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕಾಯಿಸಬಾರದೆಂಬುದು ನಮ್ಮ ಅಜ್ಜಿಯರಿಗೆಲ್ಲ ತಿಳಿದಿದ್ದ ಸಂಗತಿ.

ಹೋಲಿಸಿ ನೋಡಬಯಸುವವರು ಸೀಸೆಗಳನ್ನು ಒಂದೇ ಸಮನೆ ತಣ್ಣಗೆ ಮಾಡಿ, ಹೆಸರು ಕಾಣದಂತೆ ಬೇರೊಬ್ಬರಿಂದ ಸಣ್ಣ ಲೋಟಗಳಿಗೆ ಹಾಕಿಸಿಕೊಳ್ಳಬೇಕು. ಸೌಮ್ಯವಾದುದು ಮೊದಲು, ಖಾರದ್ದು ಕೊನೆಗೆ. ಖಾರ ನಾಲಗೆಯಲ್ಲಿ ನಿಂತುಬಿಡುವುದರಿಂದ ನಡುನಡುವೆ ಒಂದು ತುಂಡು ಬ್ರೆಡ್ಡು. ಮೊದಲ ಸುತ್ತಿನಲ್ಲಿ ಹಾಗೆಯೇ ಹೀರಬೇಕು. ಎರಡನೆಯ ಸುತ್ತಿನಲ್ಲಿ ನಿಂಬೆರಸ, ಮಂಜುಗಡ್ಡೆ ಹಾಕಿ ಹತ್ತು ನಿಮಿಷ ಬಿಟ್ಟು ಹೀರಬೇಕು. ಮೊದಲ ಸುತ್ತಿನಲ್ಲಿ ಗೆದ್ದದ್ದು ಎರಡನೆಯದರಲ್ಲಿ ಸೋತರೆ ಅಚ್ಚರಿಪಡಬೇಕಾಗಿಲ್ಲ.

ಈ ಸೀಸೆಗಳ ಕಥೆಗೂ ನಮ್ಮ ನೆಲಕ್ಕೂ ಸಂಬಂಧವಿಲ್ಲದಿಲ್ಲ. ಹೈರಮ್ ಕಾಡ್ ಎಂಬ ಆಂಗ್ಲನು 1872ರಲ್ಲಿ ಹಕ್ಕುಪತ್ರ ಪಡೆದ ಗೋಲಿಯ ಸೀಸೆ ತನ್ನ ತವರಿನಲ್ಲಿ ಮೂಲೆ ಸೇರಿದರೂ ನಮ್ಮ ಸಂತೆ ಜಾತ್ರೆಗಳಲ್ಲಿ ಗೋಲಿ ಸೋಡವಾಗಿ ಉಳಿಯಿತು. ಅದರಲ್ಲಿ ಶುಂಠಿಯ ಸೋಡವೂ ಒಂದು. ಫೀವರ್-ಟ್ರೀ ತಾನು ಬಳಸುವ ಮೂರು ಬಗೆಯ ಶುಂಠಿಗಳಲ್ಲಿ ಕೊಚ್ಚಿಯದನ್ನೂ ಹೆಸರಿಸುತ್ತದೆ. ಕೊಡಗು, ಹಾಸನ, ಶಿವಮೊಗ್ಗಗಳಲ್ಲಿ ಶುಂಠಿ ಬೆಳೆಯುವ ರೈತನ ಬಾಳು ಮಾತ್ರ ಸೀಸೆಯ ಚೀಟಿಯಷ್ಟು ಅಂದವಾಗಿಲ್ಲ. ಮಳೆ ಹೆಚ್ಚಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. 2023ರಲ್ಲಿ ಗಗನಕ್ಕೇರಿದ ಬೆಲೆಯನ್ನು ನಂಬಿ ಗದ್ದೆಯನ್ನೆಲ್ಲ ಶುಂಠಿಗೆ ಬಿಟ್ಟವರು ಮುಂದೆ ಬೆಲೆ ಕುಸಿದಾಗ ಕೈಸುಟ್ಟುಕೊಂಡರು.

ಪೇಸ್ಲಿಯ ಆ ಬಡ ಹೆಂಗಸು ಕಪ್ಪು ಗಾಜಿನ ಹಿಂದೆ ಅಡಗಿದ್ದ ತಯಾರಕನನ್ನು ತನ್ನ ನೆರೆಯವನನ್ನಾಗಿ ಮಾಡಿಕೊಟ್ಟಳು. ಲೋಟದ ಕೊನೆಯ ಗುಟುಕಿನಲ್ಲಿ ಗಂಟಲಿಗೆ ಇಳಿಯುವ ಕಾವು ಎಲ್ಲಿಯೋ ಒಬ್ಬ ರೈತ ಕೆಸರಿನಿಂದ ಕಿತ್ತು, ಮಣ್ಣು ತೊಳೆದು ಕಳಿಸಿದ ಕಾವು. ಚೀಟಿಯನ್ನು ತಿರುಗಿಸಿ ಶುಂಠಿ ಎಷ್ಟಿದೆ, ಎಲ್ಲಿಯದು ಎಂದು ಓದುವವನು ರುಚಿಯನ್ನಷ್ಟೇ ಅಲ್ಲ, ಆ ನೆರೆಯವನನ್ನೂ ಅರಿಯುತ್ತಾನೆ.