ಕಟ್ಟಿದವನೇ ಕಾಣದ ಕಟ್ಟಡ

ಪೆಸಿಫಿಕ್ ಸಾಗರದಿಂದ ಬರುವ ಪ್ರವಾಸಿ ಹಡಗು ಸಿಡ್ನಿ ಬಂದರನ್ನು ಹೊಕ್ಕು ಪಶ್ಚಿಮಕ್ಕೆ ಸಾಗುತ್ತಿದ್ದಂತೆ ಪ್ರಯಾಣಿಕರೆಲ್ಲ ಎಡಗಡೆಯ ಕಟಕಟೆಗೆ ಮುಗಿಬೀಳುತ್ತಾರೆ. ಎದುರಿಗೆ ಕಬ್ಬಿಣದ ಕಮಾನು ಸೇತುವೆ. ಎಡಕ್ಕೆ, ನೀರಿಗೆ ಚಾಚಿದ ನೆಲದ ತುದಿಯಲ್ಲಿ, ಗಾಳಿ ತುಂಬಿದ ಹಾಯಿಗಳಂತೆ ನಿಂತ ಬಿಳಿಯ ಚಿಪ್ಪುಗಳು. ಅದೇ ಸಿಡ್ನಿ ಆಪೆರಾ ಹೌಸ್. ಹಡಗು ಅದರ ಎದುರು ದಡದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಅದರ ಮೆಟ್ಟಿಲಿಗೆ ಸ್ವಲ್ಪ ಹೊತ್ತಿನ ನಡಿಗೆಯಷ್ಟೆ.

ಈ ಕಟ್ಟಡ ನೀರಿನ ಮೇಲಿಂದ ಇಷ್ಟು ಚೆನ್ನಾಗಿ ಕಾಣುವುದು ಆಕಸ್ಮಿಕವಲ್ಲ. 1957ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸ್ಪರ್ಧೆಯ ಫಲಿತಾಂಶದಲ್ಲಿ 233 ನಕ್ಷೆಗಳ ಪೈಕಿ ಆಯ್ಕೆಯಾದದ್ದು ಡೆನ್ಮಾರ್ಕಿನ 38 ವರ್ಷದ ವಾಸ್ತುಶಿಲ್ಪಿ ಯೋರ್ನ್ ಉಟ್ಜಾನ್ ಅವರ ನಕ್ಷೆ. ಅವರ ತಂದೆ ಹಡಗು ವಿನ್ಯಾಸಕಾರರು. ಮಗ ಅದುವರೆಗೆ ಸಿಡ್ನಿಯನ್ನು ನೋಡಿಯೇ ಇರಲಿಲ್ಲ. ನಾವಿಕರ ನಕಾಶೆಗಳನ್ನೂ ಛಾಯಾಚಿತ್ರಗಳನ್ನೂ ಮುಂದಿಟ್ಟುಕೊಂಡು ಜಾಗವನ್ನು ಅರ್ಥ ಮಾಡಿಕೊಂಡಿದ್ದರು. ಮೂರು ಕಡೆ ನೀರು, ಪಕ್ಕದಲ್ಲಿ ಎತ್ತರದ ಸೇತುವೆ. ಇಲ್ಲಿಗೆ ಬರುವವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯಲ್ಲ, ಚಾವಣಿ. ಆದ್ದರಿಂದ ಅವರು ಚಾವಣಿಯನ್ನೇ ಕಟ್ಟಡದ ಮುಖವಾಗಿಸಿದರು.

ಆದರೆ ಕಾಗದದ ಮೇಲಿನ ಗೆರೆಗಳನ್ನು ಕಾಂಕ್ರೀಟಿಗೆ ಇಳಿಸುವುದು ಹೇಗೆಂಬುದು ಯಾರಿಗೂ ತಿಳಿದಿರಲಿಲ್ಲ. ಚಾವಣಿಯ ಲೆಕ್ಕ ಬಗೆಹರಿಯುವ ಮೊದಲೇ, 1959ರಲ್ಲಿ, ಅವಸರವಾಗಿ ಕೆಲಸ ಆರಂಭವಾಯಿತು. ಹಾಗಾಗಿ ತಳಭಾಗದ ಕೆಲವು ಕಂಬಗಳನ್ನು ಮುಂದೆ ಒಡೆದು ಕಟ್ಟಬೇಕಾಯಿತು. ಪ್ರತಿ ಚಿಪ್ಪಿನ ಬಾಗು ಬೇರೆ ಬೇರೆಯಾದರೆ ಪ್ರತಿಯೊಂದಕ್ಕೂ ಬೇರೆ ಅಚ್ಚು ಬೇಕು. ಆ ಖರ್ಚು ತಡೆಯುವಂಥದ್ದಲ್ಲ. ಓವ್ ಅರುಪ್ ಸಂಸ್ಥೆಯ ಎಂಜಿನಿಯರುಗಳು ವರ್ಷಗಟ್ಟಲೆ ತಿಣುಕಿದರು. ಕೊನೆಗೆ 1961ರಲ್ಲಿ ಉತ್ತರ ಸಿಕ್ಕಿತು: ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದಿಂದ ಕೊಯ್ದು ತೆಗೆಯುವುದು. ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಚಿಕ್ಕ, ದೊಡ್ಡ ಹೋಳುಗಳಾಗಿ ಬಿಡಿಸಿದರೂ ಬಾಗು ಒಂದೇ ತಾನೆ? ಹಾಗೆಯೇ ಸುಮಾರು 75 ಮೀಟರ್ ತ್ರಿಜ್ಯದ ಒಂದು ಕಾಲ್ಪನಿಕ ಗೋಳದಿಂದ ಎಲ್ಲ ಚಿಪ್ಪುಗಳೂ ಹುಟ್ಟಿದವು. ಅದೇ ಅಚ್ಚುಗಳನ್ನು ಮತ್ತೆ ಮತ್ತೆ ಬಳಸಿ ಕಾಂಕ್ರೀಟಿನ ತುಂಡುಗಳನ್ನು ಎರಕ ಹೊಯ್ದು ಪಕ್ಕೆಲುಬಿನಂತೆ ಜೋಡಿಸಲಾಯಿತು. ಅವುಗಳ ಮೇಲಿನ ಟೈಲುಗಳು ಸ್ವೀಡನ್ನಿನಿಂದ ಬಂದವು. ಒಟ್ಟು ಸಂಖ್ಯೆ 10,56,006. ದೂರಕ್ಕೆ ಅಚ್ಚ ಬಿಳುಪಾಗಿ ಕಾಣುವ ಚಾವಣಿಯಲ್ಲಿ ಹತ್ತಿರ ಹೋದರೆ ಹೊಳೆಯುವ ಬಿಳಿ, ಮಾಸಲು ಕೆನೆಬಣ್ಣ ಎರಡೂ ಇವೆ. ಬರೀ ಹೊಳಪಿನದಾಗಿದ್ದರೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

ಚಾವಣಿಯ ತೊಡಕು ಬಿಡಿಸಿದ ಉಟ್ಜಾನ್‌ಗೆ ಸರ್ಕಾರದ ತೊಡಕು ಬಿಡಿಸಲಾಗಲಿಲ್ಲ. 1965ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ಬದಲಾಯಿತು. ಏರುತ್ತಿದ್ದ ವೆಚ್ಚವನ್ನು ಆಕ್ಷೇಪಿಸಿದ ಲೋಕೋಪಯೋಗಿ ಸಚಿವ ಡೇವಿಸ್ ಹ್ಯೂಸ್ ಹಣ ತಡೆಹಿಡಿದರು. 1966ರ ಫೆಬ್ರುವರಿಯಲ್ಲಿ ಉಟ್ಜಾನ್ ಕೆಲಸ ಬಿಟ್ಟರು. ಅವರನ್ನು ಮರಳಿ ಕರೆಸಿಕೊಳ್ಳಿ ಎಂದು ಸಿಡ್ನಿಯ ಬೀದಿಯಲ್ಲಿ ಮೆರವಣಿಗೆ ನಡೆದರೂ ಫಲವಾಗಲಿಲ್ಲ. ಒಳಾಂಗಣವನ್ನು ಪೀಟರ್ ಹಾಲ್ ಮತ್ತು ಸಂಗಡಿಗರು ಮುಗಿಸಿದರು. 70 ಲಕ್ಷ ಡಾಲರ್ ಅಂದಾಜಿನ ಕಟ್ಟಡಕ್ಕೆ 10.2 ಕೋಟಿ ಡಾಲರ್ ಆಯಿತು. ಬಹುಪಾಲು ಹಣ ಬಂದದ್ದು ಲಾಟರಿಯಿಂದ. 1973ರ ಅಕ್ಟೋಬರ್ 20ರಂದು ಎರಡನೇ ಎಲಿಜಬೆತ್ ರಾಣಿ ಉದ್ಘಾಟಿಸಿದಾಗ ಉಟ್ಜಾನ್ ಅಲ್ಲಿರಲಿಲ್ಲ.

ಒಳಗೆ ಹೋಗುವ ಪ್ರವಾಸಿಗೆ ಈ ಜಗಳದ ಗುರುತು ಕಾಣುತ್ತದೆ. ದೊಡ್ಡ ಸಭಾಂಗಣದಲ್ಲಿ ಆಪೆರಾ ಮತ್ತು ವಾದ್ಯಗೋಷ್ಠಿ ಎರಡೂ ನಡೆಯಬೇಕೆಂಬುದು ಮೊದಲ ಯೋಜನೆ. ಅವರು ಹೋದ ಮೇಲೆ ಅದನ್ನು ವಾದ್ಯಗೋಷ್ಠಿಗೆ ಮೀಸಲಿಟ್ಟು, ಆಪೆರಾವನ್ನು ಚಿಕ್ಕ ಸಭಾಂಗಣಕ್ಕೆ ಸಾಗಿಸಲಾಯಿತು. ಹೆಸರು ಆಪೆರಾದ್ದು, ದೊಡ್ಡ ಕೋಣೆ ಇನ್ನೊಬ್ಬರದು!

ಮುನಿಸು ಕರಗಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಕಟ್ಟಡದ ಮುಂದಿನ ಬದಲಾವಣೆಗಳಿಗೆ ಮಾರ್ಗಸೂತ್ರ ಬರೆದುಕೊಡಲು 1999ರಲ್ಲಿ ಉಟ್ಜಾನ್ ಒಪ್ಪಿದರು. ಅವರದೇ ವಿನ್ಯಾಸದ ಕೋಣೆಯೊಂದು 2004ರಲ್ಲಿ ಸಿದ್ಧವಾಯಿತು. ಅದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. 2007ರಲ್ಲಿ ಕಟ್ಟಡ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮರುವರ್ಷ, 90ರ ವಯಸ್ಸಿನಲ್ಲಿ, ಉಟ್ಜಾನ್ ಡೆನ್ಮಾರ್ಕಿನಲ್ಲಿ ತೀರಿಕೊಂಡರು. 1966ರ ನಂತರ ಅವರು ಆಸ್ಟ್ರೇಲಿಯಾಕ್ಕೆ ಕಾಲಿಡಲಿಲ್ಲ. ಒಂದು ದಿನದ ಮಟ್ಟಿಗೆ ಹಡಗಿನಿಂದ ಇಳಿಯುವವರು ನೋಡಿ ಹೋಗುವ ಪೂರ್ಣಗೊಂಡ ಆಪೆರಾ ಹೌಸನ್ನು, ಅದನ್ನು ಕಲ್ಪಿಸಿದವರು ಕೊನೆಯವರೆಗೂ ಕಣ್ಣಾರೆ ನೋಡಲಿಲ್ಲ.